ಐದು ವರ್ಷದ ಗುರಿಗೆ ಒಂದು ಲಾಂಗ್ ನೋಟ್‌ಬುಕ್

ಮೂರು ವರ್ಷ, ಐದು ವರ್ಷ ಹಿಡಿಯುವ ಗುರಿ ಇಟ್ಟುಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೆಎಎಸ್, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಪಿಎಸ್‌ಐ ಅಂತ ದಾವಣಗೆರೆಯಲ್ಲಿ ರೂಮ್ ಮಾಡಿಕೊಂಡು ಓದುತ್ತಿರುವವರು ಇರಬಹುದು. ಶೇಂಗಾ ಬಿಟ್ಟು ದಾಳಿಂಬೆ ಹಾಕೋಣ ಅಂತ ಲೆಕ್ಕ ಹಾಕುತ್ತಿರುವ ಹಿರಿಯೂರು ಕಡೆಯ ರೈತರು ಇರಬಹುದು. ಮನೆಕೆಲಸ ಎಲ್ಲ ಮುಗಿಸಿ, ಮಕ್ಕಳನ್ನು ಮಲಗಿಸಿ, ರಾತ್ರಿ ಹತ್ತರ ಮೇಲೆ ಪುಸ್ತಕ ಹಿಡಿಯುವ ಹೆಣ್ಣುಮಕ್ಕಳು ಇರಬಹುದು. ಕೆಲಸ ಬೇರೆ ಬೇರೆ, ಕೊರಗು ಒಂದೇ. ನಾನು ಸರಿಯಾದ ದಾರಿಯಲ್ಲಿ ಇದ್ದೀನಾ?

ಈ ಪ್ರಶ್ನೆಗೆ ಚಾಪೆ ಮೇಲೆ ಮಲಗಿ ಫ್ಯಾನ್ ನೋಡುತ್ತಾ ಉತ್ತರ ಹುಡುಕುವವರು ಜಾಸ್ತಿ. ಅಲ್ಲಿ ಸಿಗಲ್ಲ. ತಲೆಯೊಳಗೇ ತಿರುಗಿಸಿದಷ್ಟೂ ಗೋಜಲು ಹೆಚ್ಚುತ್ತದೆ. ನಾವು ಏನು ಅಂದುಕೊಂಡಿದ್ದೆವು, ಕೊನೆಗೆ ಏನು ಮಾಡಿದೆವು, ಇವೆರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗಲೇ ನಮ್ಮ ಬಗ್ಗೆ ನಮಗೆ ಸ್ವಲ್ಪ ಸ್ವಲ್ಪ ಗೊತ್ತಾಗೋದು. ಅದಕ್ಕೆ ಬೇಕಾಗಿರುವುದು 200 ಪುಟದ ಒಂದು ಲಾಂಗ್ ನೋಟ್‌ಬುಕ್, ಒಂದು ಪೆನ್ನು, ಭಾನುವಾರ ಅರ್ಧ ಗಂಟೆ. ಫೋನಿನಲ್ಲಿ ಬರೆಯಬೇಡಿ. ಫೋನಿನಲ್ಲಿ ಹಳೆಯದನ್ನು ತಿದ್ದುವುದು ತುಂಬಾ ಸುಲಭ, ಮತ್ತೆ ಈ ವಿಧಾನದಲ್ಲಿ ಹಳೆಯದನ್ನು ತಿದ್ದಿದರೆ ಮಾಡಿದ್ದೆಲ್ಲ ವ್ಯರ್ಥ.

ಮೊದಲು ಆ ಕೆಲಸದ ಒಂದು ಮಂಗಳವಾರ ನೋಡಿ

"ಪಿಡಿಒ ಆಗಬೇಕು" ಅನ್ನುವುದು ಒಂದು ಹುದ್ದೆಯ ಹೆಸರು, ಅಷ್ಟೆ. ಆ ಹುದ್ದೆಯಲ್ಲಿ ಹಬ್ಬವೂ ಅಲ್ಲದ, ಗಲಾಟೆಯೂ ಇಲ್ಲದ ಒಂದು ಮಾಮೂಲಿ ಮಂಗಳವಾರ ಹೇಗಿರುತ್ತದೆ? ಬೆಳಿಗ್ಗೆಯೇ "ಮೂರು ದಿನದಿಂದ ನಮ್ಮ ಓಣಿಗೆ ನೀರು ಬಂದಿಲ್ಲ" ಅಂತ ನಾಲ್ಕು ಜನ ಬಂದು ನಿಂತಿರುತ್ತಾರೆ. ಬೋರ್‌ವೆಲ್ ಮೋಟಾರ್ ಸುಟ್ಟಿರುತ್ತದೆ. ಇ-ಸ್ವತ್ತಿನಲ್ಲಿ, ಅಂದರೆ ಹಳ್ಳಿಯ ಆಸ್ತಿ ದಾಖಲೆಯ ಆನ್‌ಲೈನ್ ವ್ಯವಸ್ಥೆಯಲ್ಲಿ, ನಮೂನೆ 9 ಬೇಕು, ನಮೂನೆ 11 ಬೇಕು ಅಂತ ಅರ್ಜಿ ಹಿಡಿದವರ ಸಾಲು. ಮನೆ ಕಂದಾಯ ವಸೂಲಿ ಆಗಿಲ್ಲ ಅಂತ ಮೇಲಿನಿಂದ ಫೋನು. ಮಧ್ಯಾಹ್ನ ತಾಲೂಕು ಪಂಚಾಯಿತಿಯಲ್ಲಿ ಸಭೆ. ಗ್ರಾಮಸಭೆಯ ದಿನವಾದರೆ ಊರವರ ಎದುರು ನಿಂತು ಎಲ್ಲದಕ್ಕೂ ಉತ್ತರ ಕೊಡಬೇಕು. ಇದರಲ್ಲಿ ಖುಷಿ ಸಿಗುವವರು ಇದ್ದಾರೆ, ಜನ ಸುತ್ತಲೂ ಇದ್ದಷ್ಟೂ ಚುರುಕಾಗುವವರು. ನಾಲ್ಕು ಜನ ಜೋರಾಗಿ ಮಾತಾಡಿದರೆ ತಲೆನೋವು ಬರುವವರೂ ಇದ್ದಾರೆ. ನೀವು ಯಾವ ಥರ ಅನ್ನೋದು ಓದಿ, ಪಾಸಾಗಿ, ಕುರ್ಚಿಯಲ್ಲಿ ಕೂತ ಮೇಲೆ ಗೊತ್ತಾಗಬಾರದು, ಅಲ್ವಾ?

ಹಾಗಾಗಿ ನಿಮ್ಮ ಊರಿನ ಪಂಚಾಯಿತಿ ಆಫೀಸಿಗೇ ಹೋಗಿ, ಬೆಂಚಿನ ಮೇಲೆ ಅರ್ಧ ದಿನ ಸುಮ್ನೆ ಕೂತು ನೋಡಿ. ಬಿಡುವು ಸಿಕ್ಕಾಗ "ಮೇಡಂ, ಈ ಕೆಲಸದಲ್ಲಿ ನಿಮಗೆ ತುಂಬಾ ಬೇಜಾರು ಮಾಡೋದು ಯಾವುದು?" ಅಂತ ಕೇಳಿ. ಸಂಬಳ ಎಷ್ಟು ಅಂತ ಕೇಳಿದರೆ ಒಂದು ಮಾತಲ್ಲಿ ಮುಗಿಯುತ್ತದೆ, ಬೇಜಾರು ಏನು ಅಂತ ಕೇಳಿದರೆ ಜನ ಮನಸ್ಸು ಬಿಚ್ಚಿ ಮಾತಾಡುತ್ತಾರೆ. ದಾಳಿಂಬೆ ಹಾಕುವವರಿಗೂ ಇದೇ ಮಾತು. ಹಣ್ಣು ಕೆಂಪಗೆ ತೂಗುವಾಗ ತೋಟ ನೋಡಲು ಹೋಗಬೇಡಿ. ಮಳೆಗಾಲದಲ್ಲಿ ದುಂಡಾಣು ಅಂಗಮಾರಿ ರೋಗ ಬಿದ್ದು ಕಾಯಿ ಸೀಳುವಾಗ ಹೋಗಿ, ಔಷಧಿ ಹೊಡೆಯುತ್ತಿರುವವರ ಪಕ್ಕ ಒಂದು ದಿನ ನಿಂತು ನೋಡಿ. ಅದನ್ನು ನೋಡಿದ ಮೇಲೂ ಆಸೆ ಉಳಿದಿದ್ದರೆ ಅದು ಗಟ್ಟಿ ಆಸೆ.

ನೋಡಿ ಬಂದ ರಾತ್ರಿಯೇ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಯಿರಿ. ಆ ದಿನದ ಯಾವ ಕೆಲಸ ನಾನೇ ಮಾಡಬೇಕು ಅನ್ನಿಸಿತು, ಯಾವುದನ್ನು ನೋಡಿ ಹಿಂದೆ ಸರಿಯುವ ಹಾಗಾಯಿತು. ಚೆಂದದ ಭಾಷೆ ಬೇಡ. ಮಂಡಕ್ಕಿ-ಮಿರ್ಚಿ ತಿನ್ನುತ್ತಾ ಗೆಳೆಯನ ಹತ್ತಿರ ಹೇಳುವ ಹಾಗೆ ಬರೆದರೆ ಸಾಕು.

ಈ ಆಸೆ ಯಾರದ್ದು

ದಾವಣಗೆರೆಗೆ ಒಂದು ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಹತ್ತಿ ಮಿಲ್ಲುಗಳು ನಡೆಯುತ್ತಿದ್ದ ದಿನಗಳಲ್ಲಿ ಮಿಲ್ಲಿಗೆ ಸೇರುವುದೇ ಎಷ್ಟೋ ಮನೆಗಳ ಗುರಿ, ಮಿಲ್ಲಿನ ಕೆಲಸ ಅಂದರೆ ಹೆಣ್ಣು ಕೊಡುತ್ತಿದ್ದರು. ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಅಷ್ಟರಲ್ಲಿ ಊರಿನ ಆಸೆ ಬೇರೆ ಕಡೆ ತಿರುಗಿತ್ತು. 1965ರಲ್ಲಿ ಜೆಜೆಎಂ ಮೆಡಿಕಲ್ ಕಾಲೇಜು ಬಂತು, 1979ರಲ್ಲಿ ಬಾಪೂಜಿ ಎಂಜಿನಿಯರಿಂಗ್ ಕಾಲೇಜು ಬಂತು, ಮಗ ಡಾಕ್ಟರ್ ಆಗಬೇಕು ಇಲ್ಲ ಎಂಜಿನಿಯರ್ ಆಗಬೇಕು ಅನ್ನುವುದು ಬೀದಿ ಬೀದಿಯ ಮಾತಾಯಿತು. ಈಗ ಬಹಳ ಮನೆಗಳಲ್ಲಿ ಸರ್ಕಾರಿ ನೌಕರಿ. ಊರಿಗೊಂದು ಆಸೆ ಇರುತ್ತದೆ, ಅದು ಕಾಲಕ್ಕೆ ತಕ್ಕ ಹಾಗೆ ಬದಲಾಗುತ್ತದೆ, ಅದರೊಳಗೇ ಹುಟ್ಟಿ ಬೆಳೆದ ನಮಗೆ ಅದು ನಮ್ಮದೇ ಅನ್ನಿಸುತ್ತದೆ.

ಊರಿನ ಆಸೆ, ಅಪ್ಪನ ಆಸೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅಪ್ಪ ಹೊಲ ಅಡವಿಟ್ಟು ಓದಿಸುತ್ತಿದ್ದರೆ ಅವರ ಆಸೆಗೂ ಬೆಲೆ ಇದೆ, ಅವರಿಗಾಗಿ ಓದುವುದೂ ಒಂದು ದೊಡ್ಡ ಕಾರಣವೇ. ಆದರೆ ಅದು ಅವರದ್ದು ಅಂತ ಗೊತ್ತಿಟ್ಟುಕೊಂಡು ಹೊರಬೇಕು. ಇದಕ್ಕೆ ಒಂದು ಪರೀಕ್ಷೆ ಇದೆ. ಈ ಗುರಿ ಮುಟ್ಟಿದಾಗ ಊರಲ್ಲಿ ಯಾರಿಗೂ ಗೊತ್ತಾಗುವುದಿಲ್ಲ ಅಂತ ಇಟ್ಟುಕೊಳ್ಳಿ. ಬ್ಯಾನರ್ ಕಟ್ಟುವುದಿಲ್ಲ, ಸನ್ಮಾನ ಇಲ್ಲ, ಸ್ಟೇಟಸ್ ಹಾಕುವ ಹಾಗಿಲ್ಲ. ಆಗಲೂ ಬೇಕಾ? ಬೇಕು ಅಂದರೆ ಯಾವ ಭಾಗ ಬೇಕು? ಕೆಲವರಿಗೆ ಸಿಗುವ ಉತ್ತರ "ತಿಂಗಳಿಗೆ ಇಂತಿಷ್ಟು ಸಂಬಳ ತಪ್ಪದೆ ಬರಬೇಕು, ಅವ್ವನ ಔಷಧಿಗೆ ಸಾಲ ಮಾಡಬಾರದು" ಅಂತ. ಇದು ತುಂಬಾ ಒಳ್ಳೆಯ ಉತ್ತರ. ಅದಕ್ಕೆ ಕೆಎಎಸ್ ಒಂದೇ ದಾರಿ ಅಲ್ಲ ಅನ್ನೋದು ಆಗಲೇ ಕಣ್ಣಿಗೆ ಬೀಳುತ್ತದೆ.

ಅಂದಾಜು ಬರೆಯಿರಿ, ಆಮೇಲೆ ಹೋಲಿಸಿ

ಈ ಇಡೀ ಬರಹದಲ್ಲಿ ಒಂದೇ ಒಂದು ಕೆಲಸ ಮಾಡುತ್ತೇನೆ ಅನ್ನುವವರು ಇದನ್ನು ಮಾಡಿ. ಆಡಳಿತ ನಿರ್ವಹಣೆ ಬಗ್ಗೆ ಜೀವನವಿಡೀ ಬರೆದ ಪೀಟರ್ ಡ್ರಕರ್ (1909–2005) ಹೇಳುತ್ತಿದ್ದ ವಿಧಾನ ಇದು. ದೊಡ್ಡ ನಿರ್ಧಾರ ತೆಗೆದುಕೊಂಡಾಗಲೆಲ್ಲ ಇದರಿಂದ ಏನಾಗುತ್ತದೆ ಅಂತ ನಿಮ್ಮ ನಿರೀಕ್ಷೆಯನ್ನು ಬರೆದಿಡಿ, ಒಂಬತ್ತು ತಿಂಗಳೋ ಹನ್ನೆರಡು ತಿಂಗಳೋ ಆದ ಮೇಲೆ ನಿಜಕ್ಕೂ ಆದದ್ದರ ಜೊತೆ ಹೋಲಿಸಿ ಅನ್ನುತ್ತಿದ್ದರು. ಅವರು ತಾವೂ ಹಾಗೇ ಮಾಡುತ್ತಿದ್ದರು. ಓದುವವರಿಗೆ, ಬೆಳೆ ಬೆಳೆಯುವವರಿಗೆ ಒಂದು ವರ್ಷ ಕಾಯುವುದು ಕಷ್ಟ, ಮೂರು ತಿಂಗಳಿಗೊಮ್ಮೆ ಮಾಡಿದರೆ ಸಾಕು.

ಎಡಗಡೆ ಪುಟ ಅಂದಾಜಿಗೆ, ಬಲಗಡೆ ಪುಟ ಆದದ್ದಕ್ಕೆ. ಎಡಗಡೆ ಪುಟ ಹೀಗಿರಬಹುದು: "ಜೂನ್ 1. ಮೂರು ತಿಂಗಳಲ್ಲಿ ಸಂವಿಧಾನ ಪೂರ್ತಿ ಮುಗಿಸ್ತೀನಿ. ದಿನಕ್ಕೆ 5 ಗಂಟೆ ಓದ್ತೀನಿ. ಆಗಸ್ಟ್ ಕೊನೆಯ ಮಾಕ್ ಟೆಸ್ಟ್‌ನಲ್ಲಿ 100ಕ್ಕೆ 60 ಬರುತ್ತೆ. ಅಡ್ಡ ಬರೋದು: ಶ್ರಾವಣದಲ್ಲಿ ಅಕ್ಕನ ಮದುವೆ." ಮೂರು ತಿಂಗಳಾದ ಮೇಲೆ ಬಲಗಡೆ: "3 ಗಂಟೆ ಆಯ್ತು. 52 ಬಂತು. ಮದುವೆಗೆ ಹೋಗಿದ್ದು ನಾಲ್ಕೇ ದಿನ. ನಿಜವಾಗಿ ಅಡ್ಡ ಬಂದದ್ದು ಮಧ್ಯಾಹ್ನ ಮೆಸ್ಸಿಂದ ಬಂದ ಮೇಲೆ ರೂಮಿನ ಹರಟೆ. ಸುಲಭ ಅಂದುಕೊಂಡಿದ್ದ ಮೂಲಭೂತ ಹಕ್ಕುಗಳಲ್ಲೇ ಜಾಸ್ತಿ ತಪ್ಪಿದೆ." ನೋಡಿ, ಎಷ್ಟು ವಿಷಯ ಸಿಕ್ಕಿತು! ನನಗೆ ಅಡ್ಡ ಬರುವುದು ಮನೆಯವರಲ್ಲ, ಮಧ್ಯಾಹ್ನದ ಎರಡು ಗಂಟೆ. ನನಗೆ ಗೊತ್ತು ಅಂತ ಧೈರ್ಯ ಇರುವ ಕಡೆಯೇ ನಾನು ಎಡವುತ್ತೇನೆ. ಇದನ್ನು ಯಾವ ಕೋಚಿಂಗ್ ಸೆಂಟರ್‌ನವರೂ ನಿಮಗೆ ಹೇಳಿಕೊಡಲಾರರು.

ಬರೆಯುವಾಗ ಕೆಲವು ವಿಷಯ ನೆನಪಿರಲಿ. ಅಂಕಿ ಇಲ್ಲದ ಅಂದಾಜು ಬೇಡ, "ಚೆನ್ನಾಗಿ ಓದ್ತೀನಿ" ಅಂತ ಬರೆದರೆ ಆಮೇಲೆ ಹೋಲಿಸಲು ಏನೂ ಇರುವುದಿಲ್ಲ. ಮನಸ್ಸಿನ ಅಂದಾಜನ್ನೂ ಬರೆಯಿರಿ, "ಈ ಕೆಲಸ ಮಾಡುವಾಗ ಖುಷಿ ಇರುತ್ತೆ" ಅಂತ ಅಂದುಕೊಂಡಿದ್ದರೆ ಹಾಗೆ. ಯಾಕೆಂದರೆ ಅಂಕ ಬಂದೂ ಖುಷಿ ಇಲ್ಲದಿರುವುದು, ಅಂಕ ಬರದಿದ್ದರೂ ಆ ವಿಷಯ ಬಿಡಲು ಮನಸ್ಸಾಗದಿರುವುದು, ಎರಡೂ ದಾರಿ ತೋರಿಸುವ ಸುಳಿವುಗಳೇ. ಮೆಕ್ಕೆಜೋಳದವರು ಬಿತ್ತುವ ಮೊದಲೇ ಎಕರೆಗೆ ಎಷ್ಟು ಕ್ವಿಂಟಾಲ್, ಗೊಬ್ಬರಕ್ಕೆ ಎಷ್ಟು, ಕೂಲಿಗೆ ಎಷ್ಟು, ಎಪಿಎಂಸಿಯಲ್ಲಿ ಯಾವ ರೇಟಿಗೆ ಮಾರುತ್ತೇನೆ ಅಂತ ಬರೆದಿಟ್ಟು, ಕಟಾವಾಗಿ ಮಾರಿದ ಮೇಲೆ ಎದುರು ಪುಟ ತುಂಬಿಸಲಿ. ಇಳುವರಿ ಅಂದಾಜಿನಷ್ಟೇ ಬಂದು ದುಡ್ಡು ಮಾತ್ರ ಕಮ್ಮಿ ಬಂದಿದ್ದರೆ, ನಿಮಗೆ ಬೇಸಾಯ ಚೆನ್ನಾಗಿ ಬರುತ್ತದೆ, ಮಾರುವುದು ಬರುವುದಿಲ್ಲ. ಮುಂದಿನ ವರ್ಷ ಬೆಳೆ ಬದಲಾಯಿಸುವ ಮೊದಲು ಈ ವಿಷಯ ಗೊತ್ತಿರಬೇಕು.

ಮೂರು-ನಾಲ್ಕು ಸಲ ಹೀಗೆ ಮಾಡಿದರೆ ಒಂದೇ ತಪ್ಪು ತಿರುಗಿ ತಿರುಗಿ ಬರುವುದು ಕಾಣುತ್ತದೆ. ಹೆಚ್ಚಿನವರಲ್ಲಿ ಅದು ಸಮಯದ ತಪ್ಪು. ಮನುಷ್ಯರು ತಮ್ಮ ಕೆಲಸಕ್ಕೆ ಬೇಕಾದ ಸಮಯವನ್ನು ಕಮ್ಮಿ ಅಂದಾಜು ಮಾಡುತ್ತಾರೆ ಅಂತ ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವೆರ್ಸ್ಕಿ 1979ರಲ್ಲೇ ಬರೆದಿದ್ದರು. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪ್ರಬಂಧ ಬರೆಯುತ್ತಿದ್ದ ಕಾಲೇಜು ವಿದ್ಯಾರ್ಥಿಗಳನ್ನು ಯಾವಾಗ ಮುಗಿಸುತ್ತೀರಿ ಅಂತ ಕೇಳಿದ್ದರು. ಸರಾಸರಿ 34 ದಿನ ಅಂದವರಿಗೆ ನಿಜಕ್ಕೂ ಹಿಡಿದದ್ದು 55 ದಿನಕ್ಕೂ ಜಾಸ್ತಿ. ಆದ್ದರಿಂದ ನಿಮ್ಮನ್ನು ನೀವು ಸೋಮಾರಿ ಅಂತ ಬೈದುಕೊಳ್ಳುವ ಮೊದಲು ನಿಮ್ಮದೇ ಪುಟಗಳಿಂದ ಲೆಕ್ಕ ತೆಗೆಯಿರಿ. ಎರಡು ತಿಂಗಳು ಅಂದದ್ದು ಪ್ರತಿ ಸಲ ಮೂರು ತಿಂಗಳಾಗುತ್ತಿದ್ದರೆ, ಮುಂದಿನ ಅಂದಾಜನ್ನು ಒಂದೂವರೆ ಪಟ್ಟು ಮಾಡಿ ಬರೆಯಿರಿ. ಐದು ವರ್ಷದ ಗುರಿ ಏಳೂವರೆ ವರ್ಷ ಆಗಬಹುದು ಅಂತ ಇವತ್ತೇ ಗೊತ್ತಾದರೆ ಮನೆಯ ಖರ್ಚಿನ ಲೆಕ್ಕವನ್ನೇ ಬೇರೆ ಥರ ಹಾಕಬೇಕಾಗುತ್ತದೆ.

ಇನ್ನೊಂದು ಮಾದರಿ ನಾನು ಓದುವ ಹುಡುಗರಲ್ಲಿ ತುಂಬಾ ನೋಡಿದ್ದೇನೆ. ಓದುತ್ತಾರೆ, ಓದುತ್ತಲೇ ಇರುತ್ತಾರೆ, ಬರೆಯುವುದನ್ನು ಮಾತ್ರ ನಾಳೆಗೆ ತಳ್ಳುತ್ತಾರೆ. ಕೆಎಎಸ್ ಮುಖ್ಯ ಪರೀಕ್ಷೆ ಪೂರ್ತಿ ಬರೆಯುವ ಪರೀಕ್ಷೆ. ನೋಟ್‌ಬುಕ್ಕಿನಲ್ಲಿ "ವಾರಕ್ಕೆ 4 ಉತ್ತರ ಬರೀತೀನಿ" ಅನ್ನುವ ಸಾಲಿನ ಎದುರು ಮೂರು ಸಲವೂ "0" ಅಂತ ಇದ್ದರೆ ಅಲ್ಲಿ ನಿಂತು ಯೋಚಿಸಬೇಕು. ಬರೆಯಲು ಹೆದರಿಕೆಯಾ, ಅಭ್ಯಾಸ ಇಲ್ಲವಾ? ಹೆದರಿಕೆ ಆದರೆ ದಿನಕ್ಕೆ ಒಂದೇ ಪ್ಯಾರಾ ಬರೆದು ಜೊತೆಯವರಿಗೆ ತೋರಿಸಿ. ಅಷ್ಟನ್ನೂ ಆರು ತಿಂಗಳು ಮಾಡಲಾಗದಿದ್ದರೆ, ಬರವಣಿಗೆ ಇಲ್ಲದ ಪರೀಕ್ಷೆಗಳೂ ಇವೆ, ಆ ಕಡೆ ತಿರುಗುವುದು ಸೋಲಲ್ಲ.

ಯಾಕೆ ಅಂತ ಜಾಸ್ತಿ ಕೇಳಿಕೊಳ್ಳಬೇಡಿ

"ನನಗೆ ಇದು ಯಾಕೆ ಇಷ್ಟ?" ಅಂತ ಗಂಟೆಗಟ್ಟಲೆ ಯೋಚಿಸಿದರೆ ದಾರಿ ತಪ್ಪುವ ಸಾಧ್ಯತೆಯೇ ಹೆಚ್ಚು. ಅಮೆರಿಕದ ಮನಶ್ಶಾಸ್ತ್ರಜ್ಞ ಟಿಮೊತಿ ವಿಲ್ಸನ್ ಮತ್ತು ಜೊತೆಯವರು 1993ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ತಮಗೆ ಬೇಕಾದ ಪೋಸ್ಟರ್ ಆರಿಸಿ ಮನೆಗೆ ಒಯ್ಯಲು ಹೇಳಿದ್ದರು. ಕೆಲವರು ಆರಿಸುವ ಮೊದಲು ಕಾರಣಗಳನ್ನು ಬರೆಯಬೇಕಿತ್ತು. ಕೆಲವು ವಾರ ಬಿಟ್ಟು ಕೇಳಿದಾಗ, ಕಾರಣ ಬರೆದು ಆರಿಸಿದವರೇ ತಮ್ಮ ಪೋಸ್ಟರ್ ಬಗ್ಗೆ ಕಮ್ಮಿ ಖುಷಿಯಾಗಿದ್ದರು. ಹೇಳಲು ಸುಲಭವಾದ ಕಾರಣಗಳು ಬಾಯಿಗೆ ಬೇಗ ಬರುತ್ತವೆ, ಆಮೇಲೆ ನಾವು ಅವನ್ನೇ ನಂಬಿಬಿಡುತ್ತೇವೆ. ಅದರ ಬದಲು ಕಳೆದ ತಿಂಗಳು ಯಾರೂ ಹೇಳದೆ ನೀವಾಗಿಯೇ ಯಾವ ಕೆಲಸಕ್ಕೆ ಕೈ ಹಾಕಿದಿರಿ, ಯಾವುದರಲ್ಲಿ ಊಟದ ಹೊತ್ತು ಮರೆತಿರಿ ಅಂತ ಪಟ್ಟಿ ಮಾಡಿ. ನಡೆದದ್ದು ಸುಳ್ಳು ಹೇಳುವುದಿಲ್ಲ.

ಜೊತೆಗೆ ಮೂರು ಜನರನ್ನು ಕೇಳಿ. ಮನೆಯವರೊಬ್ಬರು, ಆ ಕೆಲಸ ಬಲ್ಲವರೊಬ್ಬರು, ನಿಮ್ಮ ಮುಲಾಜಿಲ್ಲದೆ ಮಾತಾಡುವ ಗೆಳೆಯರೊಬ್ಬರು. "ನಾನು ಹೆಂಗೆ?" ಅಂತ ಕೇಳಿದರೆ ಎಲ್ಲರೂ ಒಳ್ಳೆಯವನು ಅಂದುಬಿಡುತ್ತಾರೆ. "ಅಕ್ಕ, ನಾನು ಎಂಥ ಕೆಲಸ ಅರ್ಧಕ್ಕೆ ಬಿಡ್ತೀನಿ?" ಅಂತ ಕೇಳಿ. ಅಕ್ಕಂದಿರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಅವರು ಹೇಳುವಾಗ ವಾದ ಮಾಡದೆ ಬರೆದುಕೊಳ್ಳಿ. ಮೂವರಲ್ಲಿ ಇಬ್ಬರು ಒಂದೇ ಮಾತು ಹೇಳಿದರೆ ಅದನ್ನು ನಂಬಿ.

ತುಂಬುವ ಮೊದಲೇ ಏನು ಸಿಗುತ್ತದೆ

ಹಿರಿಯೂರಿನ ಮಾರಿಕಣಿವೆಯನ್ನು, ಅಂದರೆ ವಾಣಿವಿಲಾಸ ಸಾಗರವನ್ನು ಒಂದು ಸಲ ನೆನೆಸಿಕೊಳ್ಳಿ. ಮೈಸೂರು ಅರಸರ ಕಾಲದಲ್ಲಿ ವೇದಾವತಿಗೆ ಕಟ್ಟಿದ ಈ ಅಣೆಕಟ್ಟು 1907ರಲ್ಲಿ ಮುಗಿಯಿತು. 130 ಅಡಿ ತುಂಬಿ ಕೋಡಿ ಹರಿದದ್ದು 1933ರಲ್ಲಿ. ಅದಾದ ಮೇಲೆ 2022ರವರೆಗೆ, ಅಂದರೆ 89 ವರ್ಷ ಕೋಡಿ ಬೀಳಲೇ ಇಲ್ಲ. 2025ರ ಜನವರಿಯಲ್ಲಿ ಮತ್ತೆ ಬಿತ್ತು. ಹಾಗಂತ ಆ 89 ವರ್ಷ ಅದು ಕೆಲಸಕ್ಕೆ ಬಾರದ್ದಾಗಿತ್ತಾ? ಹಿರಿಯೂರು ಸೀಮೆಯ ತೆಂಗು ಅಡಿಕೆ ತೋಟಗಳು ಅದರ ನಾಲೆಯ ನೀರಲ್ಲೇ ಬೆಳೆದವು, ಚಿತ್ರದುರ್ಗದವರು ಅದರ ನೀರನ್ನೇ ಕುಡಿದರು.

ನಿಮ್ಮ ಗುರಿಯನ್ನೂ ಹೀಗೆ ನೋಡಿ. ಪೂರ್ತಿ ಮುಟ್ಟದಿದ್ದರೂ ಈ ದಾರಿಯಲ್ಲಿ ನಡೆದದ್ದಕ್ಕೆ ಏನು ಕೈಗೆ ಬರುತ್ತದೆ? ಇಂಗ್ಲಿಷ್ ಸುಧಾರಿಸುತ್ತಾ, ಲೆಕ್ಕ ಗಟ್ಟಿಯಾಗುತ್ತಾ, ಮಕ್ಕಳಿಗೆ ಪಾಠ ಹೇಳುವಷ್ಟು ವಿಷಯ ತಿಳಿಯುತ್ತಾ, ಡ್ರಿಪ್ ಹಾಕುವುದು ಕಲಿತು ಬೇರೆ ಬೆಳೆಗೂ ಉಪಯೋಗ ಆಗುತ್ತಾ? ಪಟ್ಟಿಯಲ್ಲಿ ನಾಲ್ಕೈದು ಸಾಲು ಬಂದರೆ ಧೈರ್ಯವಾಗಿ ಹೋಗಿ. ಗುರಿ ಮುಟ್ಟಿದರೆ ಎಲ್ಲ, ಮುಟ್ಟದಿದ್ದರೆ ಸೊನ್ನೆ ಅನ್ನುವ ಹಾಗಿದ್ದರೆ, ಪಕ್ಕದಲ್ಲಿ ಇನ್ನೊಂದು ಸಣ್ಣ ಕೆಲಸವನ್ನು ಈಗಲೇ ಸೇರಿಸಿಕೊಳ್ಳಿ. ಸಂಜೆ ಒಂದು ಗಂಟೆ ಟ್ಯೂಷನ್ ಹೇಳುವುದು ಓದಿಗೂ ಒಳ್ಳೆಯದು, ರೂಮಿನ ಬಾಡಿಗೆಗೂ ಒಳ್ಳೆಯದು.

ಎಲ್ಲಿ ನಿಲ್ಲಬೇಕು ಅಂತ ಮೊದಲೇ ಬರೆಯಿರಿ

ಕೇಂದ್ರದ ನಾಗರಿಕ ಸೇವಾ ಪರೀಕ್ಷೆಯನ್ನು ಸಾಮಾನ್ಯ ವರ್ಗದವರು 32 ವರ್ಷದವರೆಗೆ 6 ಸಲ, ಹಿಂದುಳಿದ ವರ್ಗದವರು 35ರವರೆಗೆ 9 ಸಲ ಬರೆಯಬಹುದು. ಪರಿಶಿಷ್ಟ ಜಾತಿ, ಪಂಗಡದವರಿಗೆ 37ರವರೆಗೆ ಸಲಗಳ ಮಿತಿಯೇ ಇಲ್ಲ. ಇದು ಸರ್ಕಾರ ಹಾಕಿದ ಗೆರೆ. ನಿಮ್ಮ ಗೆರೆ ಇದಕ್ಕಿಂತ ಮೊದಲೇ ಇರಬಹುದು, ಅದನ್ನು ನೀವೇ ಹಾಕಿಕೊಳ್ಳಬೇಕು. ಅದೂ ಫಲಿತಾಂಶ ಬಂದ ದಿನ ಅಲ್ಲ, ಓದು ಶುರು ಮಾಡುವ ದಿನ. ಫಲಿತಾಂಶದ ದಿನ ಅಳು ಬಂದಿರುತ್ತದೆ, ಇಲ್ಲ ಹಟ ಬಂದಿರುತ್ತದೆ.

ಗೆರೆಯನ್ನು "ಹೀಗಾದರೆ ಹೀಗೆ ಮಾಡುತ್ತೇನೆ" ಅಂತ ಬರೆಯಿರಿ. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ ಇಂಥ ಸಂಕಲ್ಪಗಳ ಬಗ್ಗೆ 1999ರಲ್ಲಿ ಬರೆದದ್ದು ಬಹಳ ಹೆಸರು ಮಾಡಿದೆ. ಸುಮ್ನೆ ಗುರಿ ಇಟ್ಟುಕೊಂಡವರಿಗಿಂತ, ಯಾವ ಸಂದರ್ಭ ಬಂದರೆ ಏನು ಮಾಡುತ್ತೇನೆ ಅಂತ ಮೊದಲೇ ಗಟ್ಟಿ ಮಾಡಿಕೊಂಡವರು ಅದನ್ನು ಮಾಡುವುದು ಹೆಚ್ಚು. ಉದಾಹರಣೆಗೆ: "ಎರಡು ಪ್ರಿಲಿಮ್ಸ್ ಬರೆದ ಮೇಲೂ ಕಟ್-ಆಫ್‌ಗೆ 10 ಅಂಕದ ಹತ್ತಿರ ಬರದಿದ್ದರೆ, ಒಂದು ಕೆಲಸಕ್ಕೆ ಸೇರಿ ಅದರ ಜೊತೆ ಓದ್ತೀನಿ." ವರ್ಷದ ಲೆಕ್ಕಕ್ಕಿಂತ ಪರೀಕ್ಷೆಯ ಲೆಕ್ಕ, ಅಂಕದ ಲೆಕ್ಕ ಇಡಿ. ಅಧಿಸೂಚನೆ ಯಾವಾಗ ಬರುತ್ತದೆ ಅನ್ನುವುದು ನಮ್ಮ ಕೈಯಲ್ಲಿಲ್ಲ. ದುಡ್ಡಿನದ್ದೂ ಒಂದು ಗೆರೆ ಬೇಕು, ರೂಮು, ಮೆಸ್ಸು, ಪುಸ್ತಕ ಸೇರಿ ಇಷ್ಟಕ್ಕಿಂತ ಮೇಲೆ ಮನೆಯಿಂದ ಕೇಳುವುದಿಲ್ಲ ಅಂತ.

ಗೆರೆ ಬಂದಾಗ ಮನಸ್ಸು ಒಂದು ಮಾತು ಹೇಳುತ್ತದೆ, "ಇಷ್ಟು ವರ್ಷ ಹಾಕಿದ್ದೀನಿ, ಈಗ ಹೆಂಗೆ ಬಿಡೋದು?" ಹಾಕಿದ ವರ್ಷಗಳು ಮುಂದುವರಿದರೂ ವಾಪಸ್ ಬರುವುದಿಲ್ಲ, ಬಿಟ್ಟರೂ ಬರುವುದಿಲ್ಲ. ಈಗ ಕೈಯಲ್ಲಿರುವುದು ಮುಂದಿನ ಒಂದು ವರ್ಷ ಮಾತ್ರ. ಅದನ್ನು ಎಲ್ಲಿ ಹಾಕಬೇಕು ಅಂತ ಹೊಸದಾಗಿ ಕೇಳಿಕೊಳ್ಳಿ.

ಯಾವಾಗ ಏನು ನೋಡಬೇಕು ಅನ್ನುವುದಕ್ಕೆ ನಮ್ಮ ಹಬ್ಬಗಳೇ ಸಾಕು. ಭಾನುವಾರ ವಾರದ ಲೆಕ್ಕ. ಯುಗಾದಿಗೆ, ದೀಪಾವಳಿಗೆ ಎಡ-ಬಲ ಪುಟಗಳನ್ನು ಮೊದಲಿನಿಂದ ಓದುವುದು. ಗುರಿಯನ್ನೇ ಬದಲಾಯಿಸಬೇಕಾ ಅನ್ನುವ ದೊಡ್ಡ ಪ್ರಶ್ನೆಯನ್ನು ವಾರವಾರ ಎತ್ತಬೇಡಿ, ತಲೆ ಕೆಡುತ್ತದೆ. ದಾವಣಗೆರೆಯವರು ಅದನ್ನು ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಗೆ ಇಟ್ಟುಕೊಳ್ಳಬಹುದು.

ಒಂದು ಎಚ್ಚರಿಕೆ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಅದು ಗುರಿಯ ಪ್ರಶ್ನೆ ಅಲ್ಲ. ನೋಟ್‌ಬುಕ್ ಮುಚ್ಚಿಡಿ, 14416ಕ್ಕೆ ಫೋನ್ ಮಾಡಿ. ಅದು ಟೆಲಿ-ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ದಯವಿಟ್ಟು ನಾಳೆ ನೋಡೋಣ ಅನ್ನಬೇಡಿ.

ಮನೆಯಲ್ಲಿ ಹೇಳುವುದು ಹೇಗೆ

ಹೆಣ್ಣುಮಕ್ಕಳಿಗೆ ಗೆರೆ ಹಾಕುವವರು ಬೇರೆ. "ಈ ವರ್ಷ ಓದು, ಮುಂದಿನ ವರ್ಷ ಗಂಡು ನೋಡ್ತೀವಿ" ಅಂತ ಮನೆಯಲ್ಲಿ ತೀರ್ಮಾನ ಆಗಿರುತ್ತದೆ. ಅದನ್ನು ಕೋಪದಿಂದ ಎದುರಿಸಿ ಗೆದ್ದವರನ್ನು ನಾನು ಕಂಡದ್ದು ಕಮ್ಮಿ, ಲೆಕ್ಕ ತೋರಿಸಿ ಗೆದ್ದವರನ್ನು ಕಂಡಿದ್ದೇನೆ. ಜಗಳೂರು ಕಡೆಯ ಒಬ್ಬ ಹುಡುಗಿ ತನ್ನ ನೋಟ್‌ಬುಕ್ಕನ್ನೇ ಅಪ್ಪನ ಮುಂದೆ ಇಟ್ಟಳು. ಅವರಿಗೆ ಪ್ರಿಲಿಮ್ಸ್ ಮೇನ್ಸ್ ತಿಳಿಯದು, ಆದರೆ ಜೋಳದ ವ್ಯವಹಾರ ಮಾಡಿದವರು, ಅಂದಾಜು ಎಷ್ಟು, ಬಂದದ್ದು ಎಷ್ಟು ಅನ್ನುವುದು ಚೆನ್ನಾಗಿ ತಿಳಿಯುತ್ತದೆ. ಪುಟ ತಿರುವಿ ಅಂಕಗಳು 41ರಿಂದ 58ಕ್ಕೆ ಏರಿದ್ದನ್ನು ನೋಡಿ "ಮುಂದಿನ ಸಲ ಎಷ್ಟು ಅಂದಾಜು ಬರ್ದೀಯವ್ವ?" ಅಂತ ಕೇಳಿದರು. ಮಾತು ಮದುವೆಯಿಂದ ಓದಿಗೆ ತಿರುಗಿತು, ಅವಳಿಗೆ ಇನ್ನೊಂದು ಯುಗಾದಿವರೆಗೆ ಸಮಯ ಸಿಕ್ಕಿತು.

ಈ ಮಾತನ್ನು ಸಂಬಂಧ ಬಂದ ದಿನ ಎತ್ತಬೇಡಿ. ಮನೆಯಲ್ಲಿ ಯಾರಿಗೂ ಆತುರ ಇಲ್ಲದ ಒಂದು ಸಂಜೆ ನೋಡಿ, ಮೊದಲು ಅವ್ವನಿಗೆ ಹೇಳಿ, ಆಮೇಲೆ ಅಪ್ಪ-ಅವ್ವ ಇಬ್ಬರನ್ನೂ ಕೂರಿಸಿಕೊಂಡು ಮಾತಾಡಿ. "ಸ್ವಲ್ಪ ಟೈಮ್ ಕೊಡಿ" ಅನ್ನಬೇಡಿ, ಸ್ವಲ್ಪ ಅಂದರೆ ಅವರಿಗೆ ಒಂದು ಲೆಕ್ಕ, ನಿಮಗೆ ಇನ್ನೊಂದು ಲೆಕ್ಕ. ತಾರೀಖು ಹೇಳಿ, ಆ ತಾರೀಖಿಗೆ ಎಷ್ಟು ಅಂಕ ಬರಬೇಕು ಅಂತ ಹೇಳಿ, ಬರದಿದ್ದರೆ ಏನು ಮಾಡುತ್ತೀರಿ ಅಂತಲೂ ಹೇಳಿ. ಒಪ್ಪಿದ ಮೇಲೆ ಆ ತಾರೀಖನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆಯಿರಿ, ಅಡುಗೆಮನೆಯ ಕ್ಯಾಲೆಂಡರಿನಲ್ಲೂ ಎಲ್ಲರಿಗೂ ಕಾಣುವ ಹಾಗೆ ಗುರುತು ಹಾಕಿ.